ಒಂದು ಸಾಲು ಅಂದ್ರೆ ಏನು? ಗುಬ್ಬಿಯ ಕೊಬ್ಬರಿ, ಕುಣಿಗಲ್‌ನ ಮಳೆ ಮತ್ತು ನಾನು ಕಲಿತ ಡೇಟಾ ಪಾಠ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ರೈಲಲ್ಲಿ, ಬಸ್ಸಲ್ಲಿ, ಹಾಸ್ಟೆಲ್ ರೂಮಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ನಿಮಗೆಲ್ಲ ಸ್ವಾಗತ. ನಾನು ತುಮಕೂರಿನವಳು. ಇಲ್ಲೇ ಇಂಜಿನಿಯರಿಂಗ್ ಓದಿದ್ದು. ದಿನಾ ಬೆಂಗಳೂರಿಗೆ ರೈಲಲ್ಲಿ ಹೋಗಿ ಬರೋ ಸಾವಿರಾರು ಜನರಲ್ಲಿ ನಾನೂ ಒಬ್ಬಳು. ಸೀಟು ಸಿಕ್ಕಿದ ದಿನ ಲ್ಯಾಪ್‌ಟಾಪ್ ತೆಗೀತೀನಿ, ಸಿಗದೇ ಇದ್ದ ದಿನ ಫೋನಲ್ಲೇ ಓದ್ತೀನಿ. ಇವತ್ತಿನ ವಿಷಯ ಹೀಗೆ ಓದ್ತಾ ಕಲಿತಿದ್ದೇ. ಇಂಗ್ಲಿಷಲ್ಲಿ ಇದಕ್ಕೆ ಮಲ್ಟಿಡೈಮೆನ್ಷನಲ್ ಡೇಟಾ ಅನಾಲಿಸಿಸ್ ಅಂತಾರೆ. ಬಹು ಆಯಾಮದ ದತ್ತಾಂಶ ವಿಶ್ಲೇಷಣೆ ಅನ್ನಬಹುದು. ಹೆಸರು ಕೇಳಿ ಆಫ್ ಮಾಡ್ಬೇಡಿ. ತೆಂಗಿನಕಾಯಿಯಿಂದ್ಲೇ ಶುರು ಮಾಡ್ತೀನಿ.

ನಮ್ಮ ಸೋದರಮಾವನ ಊರು ಗುಬ್ಬಿ ತಾಲ್ಲೂಕಲ್ಲಿ. ತೆಂಗು, ಅಡಿಕೆ ಎರಡೂ ಇವೆ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡೋದು ಹೇಗೆ ಅಂತ ಹೊರಗಿನವರಿಗೆ ಹೇಳ್ಬಿಡ್ತೀನಿ. ಬಲಿತ ಕಾಯಿನ ಅಟ್ಟಕ್ಕೆ ಹಾಕ್ತಾರೆ. ಅದು ಹತ್ತು ಹನ್ನೊಂದು ತಿಂಗಳು ಅಲ್ಲೇ ಒಣಗುತ್ತೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದ್ರೆ ಗಡಗಡ ಸದ್ದು ಬರುತ್ತೆ. ಆಮೇಲೆ ಸುಲಿಸಿ, ಒಡೆಸಿ ಮಾರೋದು. ಅಂದ್ರೆ ಇವತ್ತು ಕೈಗೆ ಬರೋ ದುಡ್ಡು ಹೋದ ವರ್ಷದ ಕಾಯಿದು. ಅಟ್ಟ ಅನ್ನೋದು ನಮ್ಮ ಮನೆಗಳ ಬ್ಯಾಂಕ್ ಇದ್ದಂಗೆ.

ನಾನು ಡೇಟಾ ಕಲಿಯೋಕೆ ಶುರು ಮಾಡಿದ ಹೊಸದು. ಕೃಷಿ ಮಾರುಕಟ್ಟೆ ದರಗಳು ಸರ್ಕಾರದ ವೆಬ್‌ಸೈಟುಗಳಲ್ಲಿ ಸಿಗುತ್ತವೆ. ಕೇಂದ್ರದ ಅಗ್‌ಮಾರ್ಕ್‌ನೆಟ್ ಇದೆ, ನಮ್ಮ ರಾಜ್ಯದ ಕೃಷಿ ಮಾರಾಟ ವಾಹಿನಿ ಇದೆ. ಯಾವ ಮಾರುಕಟ್ಟೆ, ಯಾವ ದಿನ, ಯಾವ ಸರಕು, ಎಷ್ಟು ಆವಕ, ಕನಿಷ್ಠ ದರ, ಗರಿಷ್ಠ ದರ, ಮಾದರಿ ದರ, ಎಲ್ಲಾ ಇರುತ್ತೆ. ಮಾದರಿ ದರ ಅಂದ್ರೆ ಆ ದಿನ ಹೆಚ್ಚು ಮಾಲು ಯಾವ ರೇಟಿಗೆ ಹೋಯ್ತೋ ಅದು. ನಾನು ಅದನ್ನೆಲ್ಲ ಇಳಿಸ್ಕೊಂಡು, ಚಂದದ ಒಂದು ಡ್ಯಾಶ್‌ಬೋರ್ಡ್ ಮಾಡಿ, ಫೋನಲ್ಲಿ ಎಲ್ರಿಗೂ ತೋರಿಸ್ಕೊಂಡು ಓಡಾಡ್ತಿದ್ದೆ.

ಒಂದಿನ ಮಾವ ಫೋನ್ ಮಾಡಿದ್ರು. 'ವ್ಯಾಪಾರಿ ಮನೆ ಹತ್ರ ಬಂದವ್ನೆ ಕಣವ್ವ. ಒಂದು ರೇಟು ಹೇಳ್ತಾವ್ನೆ. ಕೊಡ್ಲಾ, ಕಾಯ್ಲಾ?' ನಾನು ಫೋನ್ ತೆಗೆದು ನೋಡ್ದೆ. ನನ್ನ ಡ್ಯಾಶ್‌ಬೋರ್ಡಲ್ಲಿ ಆ ತಿಂಗಳ ಸರಾಸರಿ ದರ ವ್ಯಾಪಾರಿ ಹೇಳಿದ್ದಕ್ಕಿಂತ ಜಾಸ್ತಿ ಇತ್ತು. 'ಕಮ್ಮಿ ಹೇಳ್ತಿದ್ದಾರೆ ಮಾವ, ಕೊಡಬೇಡಿ' ಅಂದ್ಬಿಟ್ಟೆ. ಅವರು ಕೊಡಲಿಲ್ಲ. ದರ ಇಳೀತು. ಮಗಳ ಕಾಲೇಜ್ ಫೀಸಿನ ಕೊನೇ ದಿನ ಬಂತು. ಆ ವ್ಯಾಪಾರಿ ಹೇಳಿದ್ದಕ್ಕಿಂತ ಕಮ್ಮಿಗೇ ಮಾರಿದ್ರು.

ನನಗೆ ಒಂದು ಮಾತೂ ಬೈಲಿಲ್ಲ. ಹಬ್ಬಕ್ಕೆ ಹೋದಾಗ ಪಡಸಾಲೇಲಿ ಕೂತ್ಕೊಂಡು ಒಂದೇ ಒಂದು ಪ್ರಶ್ನೆ ಕೇಳಿದ್ರು: 'ನಿನ್ನ ಫೋನಲ್ಲಿ ಅದೇನೋ ಆವರೇಜು ರೇಟು ತೋರಿಸ್ತಲ್ಲ, ಆ ರೇಟಿಗೆ ಎಷ್ಟು ಚೀಲ ಹೋಗೈತೆ ಅಂತ ಅದ್ರಲ್ಲಿ ಐತಾ?'

ಇರಲಿಲ್ಲ. ಆವಕದ ಅಂಕಿ ನನ್ನ ಫೈಲಲ್ಲೇ ಇತ್ತು, ನಾನು ಬಳಸಿರಲಿಲ್ಲ. ನಾನು ಮಾಡಿದ್ದು ದಿನದಿನದ ದರ ಕೂಡಿಸಿ ದಿನಗಳ ಲೆಕ್ಕದಿಂದ ಭಾಗಿಸಿದ್ದು, ಅಷ್ಟೇ.

ಸುಲಭದ ಲೆಕ್ಕ ಹೇಳ್ತೀನಿ. ಇವು ನಿಜವಾದ ದರಗಳಲ್ಲ, ಉದಾಹರಣೆಗೆ ಮಾತ್ರ. ಒಂದು ದಿನ 100 ಕ್ವಿಂಟಲ್ ಕೊಬ್ಬರಿ 10,000 ರೂಪಾಯಿಗೆ ಹೋಯ್ತು. ಇನ್ನೊಂದು ದಿನ 900 ಕ್ವಿಂಟಲ್ 8,000ಕ್ಕೆ ಹೋಯ್ತು. ಎರಡು ದರದ ಸರಾಸರಿ 9,000. ಆದ್ರೆ ಒಟ್ಟು ದುಡ್ಡು 82 ಲಕ್ಷ, ಒಟ್ಟು ಮಾಲು 1,000 ಕ್ವಿಂಟಲ್. ಅಂದ್ರೆ ಕ್ವಿಂಟಲ್‌ಗೆ ನಿಜವಾಗಿ ಸಿಕ್ಕಿದ್ದು 8,200. ವ್ಯಾಪಾರಿ 8,500 ಹೇಳಿದ್ರೆ ನನ್ನ ಡ್ಯಾಶ್‌ಬೋರ್ಡ್ ಪ್ರಕಾರ ಮೋಸ. ಮಾರುಕಟ್ಟೆ ಪ್ರಕಾರ ಒಳ್ಳೆ ರೇಟು.

ಸರಿಯಾದ ಲೆಕ್ಕ ಇದ್ದಿದ್ರೂ ಮುಂದೆ ದರ ಇಳಿಯುತ್ತೆ ಅಂತ ಅದು ಹೇಳ್ತಿರಲಿಲ್ಲ, ಅದು ಬೇರೆ ಮಾತು. ಆದ್ರೆ ಆ ದಿನ ಮಾವನ ಕೈಯಲ್ಲಿದ್ದ ರೇಟು ಒಳ್ಳೇದು ಅಂತಾದ್ರೂ ಹೇಳ್ತಿತ್ತು. ಅಲ್ಲಿಂದ ನಾನು ಈ ವಿಷಯನ ಮೊದಲಿಂದ ಕಲಿಯೋಕೆ ಕೂತೆ.

ಘನ ಅಂದ್ರೆ ಏನು, ನಕ್ಷತ್ರ ಅಂದ್ರೆ ಏನು

ಈ ಕ್ಷೇತ್ರದಲ್ಲಿ ಎಲ್ರೂ ಕ್ಯೂಬ್, ಕ್ಯೂಬ್ ಅಂತಿರ್ತಾರೆ. ಘನ. ಯಾಕೆ? ಎಕ್ಸೆಲ್ ಹಾಳೆಲಿ ಎರಡೇ ದಿಕ್ಕು, ಅಡ್ಡ ಮತ್ತೆ ಉದ್ದ. ಆದ್ರೆ ನಮ್ಮ ಪ್ರಶ್ನೆಗೆ ಮೂರು ದಿಕ್ಕು: ಎಲ್ಲಿ, ಯಾವಾಗ, ಯಾವ ಸರಕು. ಈ ದಿಕ್ಕುಗಳೇ ಡೈಮೆನ್ಷನ್, ಆಯಾಮ. ಮೂರೂ ಸೇರೋ ಒಂದೊಂದು ಖಾನೆಯಲ್ಲಿ ಒಂದು ಅಂಕಿ ಇರುತ್ತೆ: ಆವಕ ಇಷ್ಟು, ದರ ಇಷ್ಟು. ಆ ಅಂಕಿಗೆ ಮೆಷರ್, ಅಳತೆ ಅಂತಾರೆ.

ಈ ಘನವನ್ನ ನಾಲ್ಕು ಥರ ಆಡಿಸಬಹುದು. ಕುಣಿಗಲ್ ಮಾತ್ರ ನೋಡ್ತೀನಿ ಅಂದ್ರೆ ಸ್ಲೈಸ್, ಒಂದು ಹೋಳು. ಕುಣಿಗಲ್ ಮತ್ತೆ ಗುಬ್ಬಿ, ಅಡಿಕೆ ಮತ್ತೆ ಕೊಬ್ಬರಿ, ಜೂನ್‌ನಿಂದ ಆಗಸ್ಟ್ ಅಂದ್ರೆ ಡೈಸ್, ಘನದೊಳಗಿಂದ ಸಣ್ಣದೊಂದು ಘನ ತೆಗೆದಂಗೆ. ಹೋಬಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿಂದ ಜಿಲ್ಲೆಗೆ ಮೇಲೆ ಹೋದ್ರೆ ರೋಲ್ ಅಪ್. ಕೆಳಗಿಳಿದ್ರೆ ಡ್ರಿಲ್ ಡೌನ್. ನೀವು ಎಕ್ಸೆಲ್‌ನಲ್ಲಿ ಪಿವೋಟ್ ಟೇಬಲ್ ಮಾಡಿದ್ರೆ ಇದನ್ನೆಲ್ಲ ಆಗ್ಲೇ ಮಾಡಿದ್ದೀರಿ, ಹೆಸರು ಗೊತ್ತಿರಲಿಲ್ಲ ಅಷ್ಟೇ.

ಇದಕ್ಕೆ ಓಲ್ಯಾಪ್ ಅನ್ನೋ ಹೆಸರು ಬಂದಿದ್ದು 1993ರಲ್ಲಿ. ಎಡ್ಗರ್ ಕಾಡ್ ಅನ್ನೋರು ಆ ಹೆಸರಲ್ಲಿ ಒಂದು ಪ್ರಬಂಧ ಬರೆದ್ರು. ನಾವು ಕಾಲೇಜಲ್ಲಿ ಓದೋ ರಿಲೇಷನಲ್ ಡೇಟಾಬೇಸ್‌ಗೆ ಬುನಾದಿ ಹಾಕಿದವರೂ ಅವರೇ. ಜಿಮ್ ಗ್ರೇ ಮತ್ತೆ ಅವರ ಜೊತೆಗಾರರು 1996ರಲ್ಲಿ ಎಸ್‌ಕ್ಯೂಎಲ್‌ಗೇ ಕ್ಯೂಬ್ ಅನ್ನೋ ಆಪರೇಟರ್ ಸೇರಿಸಬೇಕು ಅಂತ ತೋರಿಸಿಕೊಟ್ರು. ಈಗ ಉಚಿತವಾಗಿ ಸಿಗೋ ಪೋಸ್ಟ್‌ಗ್ರೆಸ್‌ನಲ್ಲಿ ಗ್ರೂಪ್ ಬೈ ಕ್ಯೂಬ್ ಅಂತ ಒಂದು ಸಾಲು ಬರೆದ್ರೆ ಸಾಕು. ಮೂರು ಆಯಾಮ ಇದ್ರೆ ಎಂಟು ಥರದ ಒಟ್ಟು ಮೊತ್ತ ತಾನೇ ಬರುತ್ತೆ: ಮೂರೂ ಸೇರಿ ಒಂದು, ಎರಡೆರಡು ಸೇರಿ ಮೂರು, ಒಂದೊಂದೇ ಮೂರು, ಎಲ್ಲಾ ಸೇರಿದ ಒಟ್ಟು ಒಂದು. ಆಯಾಮ ಹತ್ತಾದ್ರೆ 1,024 ಥರ. ಅದಕ್ಕೇ ಸಿಕ್ಕಿದ್ದನ್ನೆಲ್ಲ ಆಯಾಮ ಮಾಡ್ಕೋಬಾರದು.

ಇದನ್ನ ಡೇಟಾಬೇಸ್‌ನಲ್ಲಿ ಕಟ್ಟೋ ರೀತಿಗೆ ಸ್ಟಾರ್ ಸ್ಕೀಮಾ ಅಂತಾರೆ. ರಾಲ್ಫ್ ಕಿಂಬಾಲ್ ಅವರ ಪುಸ್ತಕ 1996ರಲ್ಲಿ ಬಂದ ಮೇಲೆ ತುಂಬಾ ಬಳಕೆಗೆ ಬಂತು. ನಡುವೆ ಫ್ಯಾಕ್ಟ್ ಟೇಬಲ್. ಅದರಲ್ಲಿ ಅಂಕಿಗಳು. ಸುತ್ತ ಸಣ್ಣ ಸಣ್ಣ ಟೇಬಲ್‌ಗಳು: ಜಾಗದ್ದು ಒಂದು, ದಿನಾಂಕದ್ದು ಒಂದು, ಸರಕಿನದು ಒಂದು. ಚಿತ್ರ ಬರೆದ್ರೆ ನಕ್ಷತ್ರದ ಥರ ಕಾಣುತ್ತೆ, ಅದಕ್ಕೇ ಆ ಹೆಸರು.

ನಮ್ಮಂಥವರ ಕೈಗೆ ಸಿಗೋ ಡೇಟಾ ಎಷ್ಟಿರಬಹುದು? ತುಮಕೂರು ಜಿಲ್ಲೆಲಿ 10 ತಾಲ್ಲೂಕು. ವರ್ಷಕ್ಕೆ 365 ದಿನ. 5 ಸರಕು ತಗೊಳ್ಳಿ. ಎಲ್ಲಾ ಖಾನೆ ತುಂಬಿದ್ರೂ 18,250 ಸಾಲು. ಹತ್ತು ವರ್ಷಕ್ಕೆ 1,82,500. ಹಳೇ ಲ್ಯಾಪ್‌ಟಾಪ್‌ಗೂ ಇದು ಏನೂ ಅಲ್ಲ. ಹಾಗಾಗಿ ದೊಡ್ಡ ಸರ್ವರ್ ಇಲ್ಲ, ಕ್ಲೌಡ್‌ಗೆ ದುಡ್ಡಿಲ್ಲ ಅನ್ನೋ ಚಿಂತೆ ಬೇಡ. ನಾನು ಕಲಿತಿದ್ದು ಪೋಸ್ಟ್‌ಗ್ರೆಸ್ ಮತ್ತೆ ಡಕ್‌ಡಿಬಿಯಲ್ಲಿ. ಎರಡೂ ಉಚಿತ. ಕಷ್ಟ ಬರೋದು ಇನ್ನೊಂದು ಕಡೆ.

ಎಲ್ಲಾನೂ ಕೂಡಿಸೋಕಾಗಲ್ಲ

ಕಂಪ್ಯೂಟರ್‌ಗೆ ಏನು ಕೊಟ್ರೂ ಕೂಡಿಸುತ್ತೆ. ಇದನ್ನ ಕೂಡಿಸಬಾರದು ಅಂತ ಅದಕ್ಕೆ ಗೊತ್ತಿಲ್ಲ. ಅದನ್ನ ನಾವು ಮೊದಲೇ ಬರೆದಿಡಬೇಕು.

ಆವಕದ ಕ್ವಿಂಟಲ್ ಎಲ್ಲಾ ಕಡೆಯಿಂದಲೂ ಕೂಡಬಹುದು. ದಿನ ಕೂಡಿಸಿದ್ರೆ ತಿಂಗಳು, ಮಾರುಕಟ್ಟೆ ಕೂಡಿಸಿದ್ರೆ ಜಿಲ್ಲೆ. ದರವನ್ನ ಯಾವ ಕಡೆಯಿಂದಲೂ ಕೂಡಬಾರದು. ಹಾಗಾಗಿ ದರದ ಜೊತೆ ಆವಕವನ್ನೂ ಇಟ್ಕೊಂಡು, ಎರಡನ್ನೂ ಗುಣಿಸಿದ ಮೊತ್ತಕ್ಕೆ ಇನ್ನೊಂದು ಕಾಲಂ ಮಾಡ್ಬೇಕು. ಕೊನೆಗೆ ಮೊತ್ತವನ್ನ ಆವಕದಿಂದ ಭಾಗಿಸಬೇಕು. ಮಾದರಿ ದರ ಹಿಡಿದು ಮಾಡಿದ್ರೆ ಇದೂ ಅಂದಾಜೇ, ಯಾಕಂದ್ರೆ ಎಲ್ಲಾ ಚೀಲ ಅದೇ ರೇಟಿಗೆ ಹೋಗಿರಲ್ಲ. ಆದ್ರೆ ನಾನು ಮೊದಲು ಮಾಡಿದ್ದಕ್ಕಿಂತ ಎಷ್ಟೋ ವಾಸಿ.

ಮೂರನೇದು ಸ್ವಲ್ಪ ಮಜವಾಗಿದೆ. ಅಟ್ಟದ ಮೇಲಿರೋ ಕಾಯಿ. ನಮ್ಮ ಮನೇಲಿ 5,000, ಪಕ್ಕದ ಮನೇಲಿ 3,000 ಇದ್ರೆ ಒಟ್ಟು 8,000, ಸರಿ. ಆದ್ರೆ ನಮ್ಮ ಅಟ್ಟದಲ್ಲಿ ಸೋಮವಾರ 5,000, ಮಂಗಳವಾರವೂ ಅದೇ 5,000 ಇದೆ ಅಂತ ಎರಡೂ ಕೂಡಿಸಿ 10,000 ಅಂದ್ರೆ? ಮಾವ ನಗ್ತಾರೆ. ಕೆರೆ ನೀರಿನ ಸಂಗ್ರಹವೂ ಹೀಗೇ, ಬ್ಯಾಂಕ್ ಬ್ಯಾಲೆನ್ಸೂ ಹೀಗೇ. ಜಾಗದ ಕಡೆ ಕೂಡಬಹುದು, ದಿನದ ಕಡೆ ಕೂಡಬಾರದು.

ಮಳೆ ಇದಕ್ಕೆ ಪೂರ್ತಿ ಉಲ್ಟಾ. ಅದನ್ನ ಕಲಿಸಿದ್ದು ನಮ್ಮ ಚಿಕ್ಕಮ್ಮ.

ಕುಣಿಗಲ್‌ನ ಮಳೆ

ಚಿಕ್ಕಮ್ಮನ ಊರು ಕುಣಿಗಲ್ ತಾಲ್ಲೂಕಿನ ಅಮೃತೂರು ಹೋಬಳಿ ಕಡೆ. ನಾನು ಇಷ್ಟೆಲ್ಲ ಕಲಿತ ಮೇಲೆ ಮಳೆ ಡೇಟಾಗೆ ಕೈ ಹಾಕ್ದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆಮಾಪಕ ಇಟ್ಟು ಮಳೆ ಅಳೀತಾರೆ. ಮೊದಲ ಸಲ ನಾನು ಒಂದು ತಾಲ್ಲೂಕಿನ ಎಲ್ಲಾ ಹೋಬಳಿಗಳ ಮಳೆ ಕೂಡಿಸಿ, 'ಕುಣಿಗಲ್‌ಗೆ ಈ ವಾರ 300 ಮಿಲಿಮೀಟರ್' ಅಂದ್ಬಿಟ್ಟೆ. ಅಷ್ಟು ಬಂದಿದ್ರೆ ಊರೂರೇ ಕೊಚ್ಕೊಂಡು ಹೋಗ್ತಿತ್ತು! ಮಳೆಯನ್ನ ದಿನದ ಕಡೆ ಕೂಡಬಹುದು. ಇವತ್ತು 10, ನಾಳೆ 20 ಆದ್ರೆ ಎರಡು ದಿನಕ್ಕೆ 30. ಆದ್ರೆ ಜಾಗದ ಕಡೆ ಸರಾಸರಿ ತಗೋಬೇಕು, ಅದೂ ಆಯಾ ಜಾಗದ ವಿಸ್ತೀರ್ಣ ನೋಡ್ಕೊಂಡು.

ಸರಾಸರಿ ಮಾಡ್ದೆ, ಸರಿಹೋಯ್ತು ಅಂದ್ಕೊಂಡೆ. ಚಿಕ್ಕಮ್ಮ ಕೇಳಿದ್ರು: 'ತಾಲ್ಲೂಕಿಗೆ ಮಳೆ ಆಗೈತೆ ಅಂತೀಯ. ನಮ್ಮ ಹೊಲದಾಗೆ ಧೂಳು ಏಳ್ತಾ ಐತಲ್ಲ ಮಗಾ?'

ಕುಣಿಗಲ್ ತಾಲ್ಲೂಕಲ್ಲಿ ಆರು ಹೋಬಳಿ. ಕಸಬಾ, ಅಮೃತೂರು, ಹುಲಿಯೂರುದುರ್ಗ, ಎಡೆಯೂರು, ಹುತ್ರಿದುರ್ಗ, ಕೊತ್ತಗೆರೆ. ಐದರಲ್ಲಿ 60 ಮಿಲಿಮೀಟರ್ ಬಿದ್ದು, ಒಂದರಲ್ಲಿ ಒಂದು ಹನಿಯೂ ಬೀಳಲಿಲ್ಲ ಅಂದ್ಕೊಳ್ಳಿ. ಹೋಬಳಿಗಳೆಲ್ಲ ಒಂದೇ ಅಳತೆ ಅಂತ ಇಟ್ಕೊಂಡ್ರೆ ಸರಾಸರಿ 50. ಚೆನ್ನಾಗೇ ಇದೆ ಅನ್ನಿಸುತ್ತೆ. ಆ ಒಂದು ಹೋಬಳಿ ಲೆಕ್ಕದಲ್ಲಿ ಮಾಯ.

ಇದು ಬರೀ ಲೆಕ್ಕದ ಮಾತಲ್ಲ. 2023ರ ಬರ ನೆನಪಿದ್ಯಾ? ಸೆಪ್ಟೆಂಬರ್‌ನಲ್ಲಿ ಸರ್ಕಾರ ಮೊದಲು 195 ತಾಲ್ಲೂಕುಗಳನ್ನ ಬರಪೀಡಿತ ಅಂತ ಘೋಷಿಸ್ತು. ಆಮೇಲೆ ಸೇರಿಸ್ತಾ ಸೇರಿಸ್ತಾ 236ರಲ್ಲಿ 223 ತಾಲ್ಲೂಕು ಆಯ್ತು. ಬರ ಘೋಷಣೆ ಆಗೋದು ತಾಲ್ಲೂಕು ಲೆಕ್ಕದಲ್ಲಿ. ಫಸಲ್ ಬಿಮಾ ಯೋಜನೇಲಿ ನಮ್ಮ ರಾಜ್ಯದಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯ್ತಿ, ಉಳಿದ ಬೆಳೆಗಳಿಗೆ ಹೋಬಳಿ ಲೆಕ್ಕ. ಅಂದ್ರೆ ಯಾವ ಮಟ್ಟದಲ್ಲಿ ರೋಲ್ ಅಪ್ ಮಾಡ್ತೀವಿ ಅನ್ನೋದರ ಮೇಲೆ ಒಬ್ಬ ರೈತನ ಕಷ್ಟ ಕಾಣುತ್ತೋ ಇಲ್ವೋ ಅನ್ನೋದು ನಿಂತಿದೆ. ಹಾಗಾಗಿ ನನ್ನ ಡ್ಯಾಶ್‌ಬೋರ್ಡಲ್ಲಿ ಈಗ ಸರಾಸರಿ ಪಕ್ಕದಲ್ಲೇ 'ಅತಿ ಕಡಿಮೆ ಮಳೆ ಎಲ್ಲಿ' ಅನ್ನೋ ಕಾಲಂ ಇದೆ.

ಇನ್ನೊಂದು ಎಚ್ಚರ. ಮಳೆಮಾಪಕ ಕೆಟ್ಟು ಲೆಕ್ಕವೇ ಬರದ ದಿನ ಬೇರೆ, ಮಳೆ ಬರದ ದಿನ ಬೇರೆ. ಮೊದಲನೇದು ಖಾಲಿ, ಎರಡನೇದು ಸೊನ್ನೆ. ನಾನು ಶುರುವಲ್ಲಿ ಖಾಲಿ ಇದ್ದ ಕಡೆಯೆಲ್ಲ ಸೊನ್ನೆ ತುಂಬಿಸಿದ್ದೆ. ಹಾಗೆ ಮಾಡಿದ್ರೆ ಇಲ್ಲದ ಬರ ಹುಟ್ಟುತ್ತೆ.

ಆರಿದ್ರಾ ಮಳೆ ಯಾವ ತಿಂಗಳು?

ಚಿಕ್ಕಮ್ಮನಿಗೆ ಜೂನ್ ಎಷ್ಟು, ಜುಲೈ ಎಷ್ಟು ಅಂತ ಚಾರ್ಟ್ ತೋರಿಸ್ದೆ. 'ಅದೆಲ್ಲ ಬ್ಯಾಡ, ಆರಿದ್ರಾ ಎಷ್ಟು ಸುರೀತು, ಪುನರ್ವಸು ಎಷ್ಟು ಸುರೀತು, ಅದು ಹೇಳು' ಅಂದ್ರು. ಮಳೆ ನಕ್ಷತ್ರ. ಒಂದೊಂದು ಸುಮಾರು 13, 14 ದಿನ. ಆರಿದ್ರಾ ಶುರುವಾಗೋದು ಜೂನ್ 22ರ ಆಸುಪಾಸು, ಮುಗಿಯೋದು ಜುಲೈ ಮೊದಲ ವಾರ. ನಾನು ತಿಂಗಳ ಮೊತ್ತ ಮಾತ್ರ ಇಟ್ಕೊಂಡು ದಿನದ ಲೆಕ್ಕ ಅಳಿಸಿಬಿಟ್ಟಿದ್ದೆ. ಆರಿದ್ರಾ ಮಳೆ ಎರಡು ತಿಂಗಳಿಗೆ ಹಂಚಿಹೋಗಿತ್ತು. ವಾಪಸ್ ತೆಗೆಯೋಕೆ ದಾರಿಯೇ ಇರಲಿಲ್ಲ.

ಹಿಟ್ಟನ್ನ ಮತ್ತೆ ರಾಗಿ ಮಾಡೋಕಾಗಲ್ಲ, ಅಲ್ವಾ? ಅದಕ್ಕೇ ಕಿಂಬಾಲ್ ಹೇಳೋ ಒಂದು ಮುಖ್ಯ ಕೆಲಸ ಗ್ರೇನ್ ತೀರ್ಮಾನ ಮಾಡೋದು. ಗ್ರೇನ್ ಅಂದ್ರೆ ಕಾಳು. ನಮ್ಮ ಫ್ಯಾಕ್ಟ್ ಟೇಬಲ್ಲಿನ ಒಂದು ಸಾಲು ಅಂದ್ರೆ ಏನು? 'ಒಂದು ಮಳೆಮಾಪಕ, ಒಂದು ದಿನ.' 'ಒಂದು ಮಾರುಕಟ್ಟೆ, ಒಂದು ದಿನ, ಒಂದು ತಳಿ.' ಇದನ್ನ ಒಂದೇ ವಾಕ್ಯದಲ್ಲಿ ಹೇಳೋಕಾಗಬೇಕು. ಸಿಗೋದರಲ್ಲಿ ಅತಿ ಸಣ್ಣ ಕಾಳನ್ನೇ ಇಟ್ಕೊಳ್ಳಿ. ದೊಡ್ಡದು ಯಾವಾಗ ಬೇಕಾದ್ರೂ ಮಾಡಬಹುದು.

ಎಲ್ಲಾ ಮತ್ತೆ ಇಳಿಸ್ಕೊಂಡೆ, ಈ ಸಲ ದಿನದ ಲೆಕ್ಕ. ದಿನಾಂಕದ ಟೇಬಲ್‌ಗೆ ಕಾಲಂ ಸೇರಿಸ್ದೆ: ತಿಂಗಳು, ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹಣಕಾಸು ವರ್ಷ, ಮುಂಗಾರು ಹಿಂಗಾರು, ಮಳೆ ನಕ್ಷತ್ರ. ನಕ್ಷತ್ರದ ದಿನ ವರ್ಷದಿಂದ ವರ್ಷಕ್ಕೆ ಒಂದು ದಿನ ಆಚೀಚೆ ಆಗುತ್ತೆ, ಪಂಚಾಂಗ ನೋಡಿ ತುಂಬಿಸ್ದೆ. ಒಂದೇ ಡೇಟಾ, ಬ್ಯಾಂಕಿನವರಿಗೂ ಅರ್ಥ ಆಗುತ್ತೆ, ಚಿಕ್ಕಮ್ಮನಿಗೂ ಅರ್ಥ ಆಗುತ್ತೆ.

ತುಮ್ಕೂರೋ, ತುಮಕೂರೋ?

ಇದೊಂದು ಹೇಳಿ ಮುಗಿಸ್ತೀನಿ. 2014ರ ನವೆಂಬರ್ 1ಕ್ಕೆ ನಮ್ಮ ಊರಿನ ಇಂಗ್ಲಿಷ್ ಹೆಸರು ತುಮ್ಕೂರ್ ಹೋಗಿ ತುಮಕೂರು ಆಯ್ತು. ಹಳೇ ಫೈಲುಗಳಲ್ಲಿ ಹಳೇ ಕಾಗುಣಿತ, ಹೊಸವುಗಳಲ್ಲಿ ಹೊಸದು. ಗ್ರೂಪ್ ಬೈ ಹಾಕಿದ್ರೆ ಕಂಪ್ಯೂಟರ್‌ಗೆ ಅವು ಎರಡು ಜಿಲ್ಲೆ! ಒಂದು ಸತ್ತುಹೋದಂಗೆ, ಇನ್ನೊಂದು ಹೊಸದಾಗಿ ಹುಟ್ಟಿದಂಗೆ ಚಾರ್ಟ್ ಬರುತ್ತೆ. ಅದಕ್ಕೇ ಹೆಸರನ್ನ ನಂಬಬಾರದು, ಸಂಖ್ಯೆಯ ಕೋಡ್ ಇಟ್ಕೋಬೇಕು. ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಜಿಲ್ಲೆ, ತಾಲ್ಲೂಕು, ಪಂಚಾಯ್ತಿ, ಹಳ್ಳಿ ಎಲ್ಲಕ್ಕೂ ಕೋಡ್ ಸಿಗುತ್ತೆ.

ಹೆಸರು ಬದಲಾದ್ರೆ ಇಷ್ಟಕ್ಕೆ ಮುಗೀತು. ಜಿಲ್ಲೆಯೇ ಬದಲಾದ್ರೆ? ಹರಪನಹಳ್ಳಿ ನೋಡಿ. ಬಳ್ಳಾರಿಲಿತ್ತು. 1997ರಲ್ಲಿ ಹೊಸದಾಗಿ ಆದ ದಾವಣಗೆರೆ ಜಿಲ್ಲೆಗೆ ಹೋಯ್ತು. ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅಲ್ಲಿಗೆ ಸೇರ್ತು. 2005ರ ಹರಪನಹಳ್ಳಿ ಜೋಳವನ್ನ ಯಾವ ಜಿಲ್ಲೆ ಲೆಕ್ಕಕ್ಕೆ ಹಾಕ್ತೀರಿ? ಆಗಿನ ಜಿಲ್ಲೆಗೋ, ಈಗಿನ ಜಿಲ್ಲೆಗೋ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಹಾಗಾಗಿ ಹಳೇ ಸಾಲನ್ನ ಅಳಿಸದೆ, 'ಈ ದಿನದಿಂದ ಈ ದಿನದವರೆಗೆ' ಅಂತ ಎರಡು ಕಾಲಂ ಇಟ್ಟು ಹೊಸ ಸಾಲು ಸೇರಿಸಬೇಕು. ಪುಸ್ತಕದಲ್ಲಿ ಇದಕ್ಕೆ ಸ್ಲೋಲಿ ಚೇಂಜಿಂಗ್ ಡೈಮೆನ್ಷನ್ ಅಂತಾರೆ, ನಿಧಾನಕ್ಕೆ ಬದಲಾಗೋ ಆಯಾಮ. ಇಂಟರ್‌ವ್ಯೂನಲ್ಲಿ ಇದನ್ನ ಕೇಳಿದಾಗ ನಾನು ಹರಪನಹಳ್ಳಿ ಕಥೆಯನ್ನೇ ಹೇಳ್ದೆ.

ಈಗ ನಿಮಗೊಂದು ಹೋಮ್‌ವರ್ಕ್. ನಿಮ್ಮ ಮನೇಲಿ, ಇಲ್ಲಾ ನೆಂಟರ ಮನೇಲಿ ಡೇರಿಗೆ ಹಾಲು ಹಾಕ್ತಿದ್ರೆ ಆ ಪಾಸ್‌ಬುಕ್ ತಗೊಳ್ಳಿ. ದಿನಾಂಕ, ಬೆಳಗ್ಗೆ ಸಂಜೆ, ಲೀಟರ್, ಫ್ಯಾಟ್, ದರ ಇರುತ್ತೆ. ಒಂದು ತಿಂಗಳದ್ದು ಶೀಟಲ್ಲಿ ತುಂಬಿಸಿ. ಮೊದಲು ಒಂದು ಸಾಲು ಅಂದ್ರೆ ಏನು ಅಂತ ಕನ್ನಡದಲ್ಲೇ ಒಂದು ವಾಕ್ಯ ಬರೀರಿ. ಆಮೇಲೆ ಪ್ರತಿ ಕಾಲಂ ಪಕ್ಕ ಬರೀರಿ: ಇದನ್ನ ಕೂಡಬಹುದಾ, ಯಾವ ಕಡೆ ಕೂಡಬಹುದು? ಲೀಟರ್ ಕೂಡಬಹುದು. ಫ್ಯಾಟ್? ಬೆಳಗಿನದು 4, ಸಂಜೆದು 5 ಇದ್ರೆ ದಿನದ್ದು ನಾಲ್ಕೂವರೆ ಅಂತ ಬರೆಯೋಕೆ ಮುಂಚೆ ಯಾವ ಹೊತ್ತು ಎಷ್ಟು ಲೀಟರ್ ಅಂತ ನೋಡಿ. ಇಷ್ಟು ಮಾಡಿದ ಮೇಲೆ ಪೋಸ್ಟ್‌ಗ್ರೆಸ್ ತೆರೀರಿ, ಮುಂಚೆ ಬೇಡ.

ಮಾವ ಈಗಲೂ ಫೋನ್ ಮಾಡ್ತಾರೆ. ಕೊಡಿ, ಬೇಡ ಅಂತ ನಾನು ಹೇಳಲ್ಲ. 'ಈ ವಾರ ಇಷ್ಟು ಕ್ವಿಂಟಲ್ ಬಂದಿದೆ ಮಾವ, ಹೆಚ್ಚಿನ ಮಾಲು ಈ ರೇಟಿಗೆ ಹೋಗಿದೆ, ಹೋದ ವಾರಕ್ಕಿಂತ ಆವಕ ಜಾಸ್ತಿ ಆಗ್ತಿದೆ' ಅಂತೀನಿ. ಅವರು ಒಂದು ನಿಮಿಷ ಸುಮ್ಮನಿದ್ದು, 'ಸರಿ ಕಣವ್ವ, ನೋಡ್ತೀನಿ' ಅಂತಾರೆ. ತೀರ್ಮಾನ ಅವರದ್ದು, ಅಟ್ಟ ಅವರದ್ದು. ಅಂಕಿ ಸರಿಯಾಗಿ ಕೂಡಿಸಿ ಕೊಡೋ ಕೆಲಸ ಮಾತ್ರ ನಂದು.

ಹಾಲಿನ ಲೆಕ್ಕ ಮಾಡಿ, ಎಲ್ಲಿ ಸಿಕ್ಕಿಹಾಕ್ಕೊಂಡ್ರಿ ಅಂತ ನಮಗೆ ಬರೀರಿ. ಮುಂದಿನ ಸಂಚಿಕೇಲಿ ಅದನ್ನೇ ಬಿಡಿಸೋಣ. ಅಲ್ಲೀವರೆಗೂ ನಮಸ್ಕಾರ.